ಮರಿಸ್ವಾಮಿ ಮಾತ್ರೆಗಳ ಫ್ಯಾಟ್ ನೋಡಿದ್ದು

ಹೊಣಕೆರೆ ಹೋಬಳಿಯ ಆ ಊರಿಗೆ ಹಾಲಿನ ಡೇರಿ ಬಂದ ದಿನದಿಂದ ದರ ಕಟ್ಟಲು ಹಾಲಿನ ಫ್ಯಾಟ್ ನೋಡುವವನು ಮರಿಸ್ವಾಮಿ. ಗೀಟು ಹಾಕಿದ ಗಾಜಿನ ಕೊಳವೆಗೆ ಆಸಿಡ್ ಬಿಟ್ಟು, ಅದರ ಮೇಲೆ ಹಾಲು ಬಿಟ್ಟು, ಬಿರಡೆ ಒತ್ತಿ ಅಲ್ಲಾಡಿಸಿ, ಕೈಯಲ್ಲಿ ತಿರುಗಿಸುವ ಯಂತ್ರಕ್ಕೆ ಹಾಕಿ ಗಿರಗಿರ ತಿರುಗಿಸಿ, ಆಮೇಲೆ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಎಡಗಣ್ಣು ಮುಚ್ಚಿ, "ಮೂರು ಎಂಟು", ಅಂದರೆ ಮೂರು ಪಾಯಿಂಟ್ ಎಂಟು, ಎಂದು ಅವನು ಹೇಳಿದರೆ ಹೇಳಿದ ಹಾಗೇ. ಹಸು ಸಾಕಿದವರು ಅತ್ತರೂ ಅಷ್ಟೇ, ಹಸುವೇ ಬಂದು ಅತ್ತರೂ ಅಷ್ಟೇ. ಮಂಡ್ಯದಲ್ಲಿ ಇಪ್ಪತ್ತು ದಿನ ತರಬೇತಿ ಪಡೆದು ಬಂದ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಮನೆಯ ನಡುಮನೆಯಲ್ಲಿ ದೇವರ ಪಟಗಳಿಗಿಂತ ಒಂದು ಗೇಣು ಮೇಲೆ ನೇತುಹಾಕಿದ್ದ. ಅವನ ಹೆಂಡತಿ ಪ್ರೇಮಮ್ಮ ದಿನಾ ಊದುಬತ್ತಿ ಹಚ್ಚುವಾಗ ಹೊಗೆ ಮೊದಲು ದೇವರಿಗೆ ತಾಗಿ ಆಮೇಲೆ ಸರ್ಟಿಫಿಕೇಟಿಗೆ ಹೋಗುತ್ತಿತ್ತು. ಮರಿಸ್ವಾಮಿಗೆ ಈ ಕ್ರಮದ ಬಗ್ಗೆ ಒಳಗೊಳಗೇ ಸ್ವಲ್ಪ ಅಸಮಾಧಾನವಿತ್ತು.

ಇಂಥ ಮನುಷ್ಯನ ರಕ್ತದಲ್ಲೇ ಫ್ಯಾಟ್ ಜಾಸ್ತಿಯಾಯಿತು.

ತೊಂಬತ್ತೇಳನೇ ಇಸವಿಯ ಬೇಸಿಗೆಯಲ್ಲಿ ನಾಗಮಂಗಲದಲ್ಲಿ ಯಾರೋ ಪುಣ್ಯಾತ್ಮರು ಉಚಿತ ರಕ್ತಪರೀಕ್ಷೆ ಇಟ್ಟಿದ್ದರು. ಉಚಿತ ಎಂದ ಮೇಲೆ ಹೋಗದಿದ್ದರೆ ನಷ್ಟ ಎಂದು ಮರಿಸ್ವಾಮಿ ಬರಿ ಹೊಟ್ಟೆಯಲ್ಲಿ ಮೊದಲನೇ ಬಸ್ಸು ಹಿಡಿದು ಹೋಗಿ ರಕ್ತ ಕೊಟ್ಟು ಬಂದ. ಮೂರು ದಿನ ಬಿಟ್ಟು ವರದಿ ತರಲು ಹೋದಾಗ ಡಾಕ್ಟರ್ ಶಿವಶಂಕರ್ ಅನ್ನುವ ಕಿರಿ ವಯಸ್ಸಿನ ವೈದ್ಯರು ಕಾಗದ ನೋಡಿ ಹುಬ್ಬು ಗಂಟಿಕ್ಕಿದರು.

"ರಕ್ತದಲ್ಲಿ ಕೊಬ್ಬು ಜಾಸ್ತಿ ಇದೆಯಲ್ಲಪ್ಪ ನಿಮಗೆ."

"ಎಷ್ಟು ಬಂದದೆ ಸಾ?"

"ಟ್ರೈಗ್ಲಿಸರೈಡ್ ಅಂತ ಒಂದು ಜಾತಿ ಕೊಬ್ಬು. ಅದು ನಾನೂರ ಹತ್ತು."

ಮರಿಸ್ವಾಮಿಯ ಜೀವಮಾನವೆಲ್ಲ ಮೂರೂವರೆ, ನಾಲ್ಕು, ನಾಲ್ಕೂವರೆಗಳ ನಡುವೆ ಕಳೆದಿತ್ತು. ಅವನ ಎದೆ ಒಂದು ಸಲ ಉಬ್ಬಿತು.

"ನಮ್ಮೂರಲ್ಲಿ ಎಮ್ಮೆ ಹಾಲೇ ಎಂಟು ದಾಟಿಲ್ಲ ಸಾ" ಎಂದ.

ಡಾಕ್ಟರಿಗೆ ನಗು ಬರಲಿಲ್ಲ. ಇದು ಹಾಲಲ್ಲ, ಹೃದಯಕ್ಕೂ ಮೇದೋಜೀರಕಕ್ಕೂ ಅಪಾಯ, ಬಾಡು, ಬೆಣ್ಣೆ, ಸಾರಾಯಿ ಬಿಡಬೇಕು ಎಂದು ಹೇಳಿ ಒಂದು ಕ್ಯಾಪ್ಸೂಲು ಬರೆದುಕೊಟ್ಟರು. ಜೆಮ್‌ಫೈಬ್ರೋಜಿಲ್ ಅಂತ ಅದರ ಹೆಸರು. ಬೆಳಿಗ್ಗೆ ಒಂದು, ಸಂಜೆ ಒಂದು, ಊಟಕ್ಕೆ ಅರ್ಧ ಗಂಟೆ ಮುಂಚೆ. "ಬೇರೆ ಮಾತ್ರೆ ಏನಾದರೂ ತಗೊಳ್ಳೋದಿದ್ದರೆ ನನ್ನನ್ನು ಕೇಳಿ ತಗೊಳ್ಳಿ" ಎಂದು ಎರಡು ಸಲ ಹೇಳಿದರು. ಮರಿಸ್ವಾಮಿ ಎರಡು ಸಲವೂ ತಲೆಯಾಡಿಸಿದ. ಆ ಹೊತ್ತಿಗೆ ಅವನು ಆ ನಾನೂರ ಹತ್ತನ್ನು ಊರಿನಲ್ಲಿ ಯಾರ ಮುಂದೆ ಮೊದಲು ಹೇಳುವುದು ಎಂದು ಯೋಚಿಸುತ್ತಿದ್ದ.

ಸಂಜೆ ಡೇರಿಯ ಮುಂದೆ ಕ್ಯಾನುಗಳ ಸಾಲು ನಿಂತಿದ್ದಾಗ ಸಂಘದ ಅಧ್ಯಕ್ಷ ತಮ್ಮಯ್ಯ ಕಾಗದವನ್ನು ಕೈಗೆ ತೆಗೆದುಕೊಂಡು ತಲೆಕೆಳಗೆ ಮಾಡಿ ನೋಡಿ, ಸರಿಯಾಗಿಯೂ ಮಾಡಿ ನೋಡಿ, "ನಾನೂರ ಹತ್ತಾ! ಲೇ ಮರಿಸ್ವಾಮಿ, ನಿನ್ನನ್ನ ಹಸಿನಂಗೆ ಕರಿಯಕ್ಕಾಗಿದ್ರೆ ಸಂಘ ಎಲ್ಲಿಗೋ ಓಗ್‌ಬುಡೋದು ಕಣ್ಲಾ" ಎಂದ. ಸಾಲಿಗೆ ಸಾಲೇ ನಕ್ಕಿತು. ಮರಿಸ್ವಾಮಿ ಮಾತ್ರ ನಗದೆ, ರೋಗವನ್ನು ಹೊತ್ತ ದೊಡ್ಡ ಮನುಷ್ಯನ ಗಾಂಭೀರ್ಯದಿಂದ ಕ್ಯಾಪ್ಸೂಲಿನ ಹಾಳೆಯನ್ನು ಜೇಬಿನಿಂದ ತೆಗೆದು ತೋರಿಸಿ ಮತ್ತೆ ಜೇಬಿಗಿಟ್ಟ.

ಈ ಗಾಂಭೀರ್ಯ ಎಂಟು ದಿನ ನಡೆಯಿತು. ಒಂಬತ್ತನೆಯ ದಿನ ಪಾಂಡವಪುರದ ಕಡೆಯಿಂದ ಅವನ ಭಾವ ಬಂದ.

ಭಾವ ಎಂದರೆ ಪ್ರೇಮಮ್ಮನ ಅಣ್ಣ. ಹೆಸರು ಕುಳ್ಳಯ್ಯ, ಎತ್ತರ ಆರಡಿ. ಆಲೆಮನೆ ಇಟ್ಟುಕೊಂಡಿದ್ದ. ಕುದಿಯುವ ಕೊಪ್ಪರಿಗೆಯನ್ನು ನಾಲ್ಕು ಜನ ಹಿಡಿದು ಎತ್ತುವ ಕಡೆ ಇವನೊಬ್ಬನೇ ಒಂದು ಕಡೆ, ಮಿಕ್ಕ ಮೂವರು ಇನ್ನೊಂದು ಕಡೆ. ಅಂಥ ಆಳು. ಅಕ್ಷರ ಓದಲು ಬರದು. ಆದ್ದರಿಂದಲೋ ಏನೋ, ಸರ್ಟಿಫಿಕೇಟ್ ಇದ್ದ ತಂಗಿಯ ಗಂಡನೆಂದರೆ ಅವನಿಗೆ ಬಹಳ ಹೆಮ್ಮೆ. ಆಲೆಮನೆಗೆ ಬಂದವರ ಹತ್ತಿರವೆಲ್ಲ "ನಮ್ ಬಾವ ಆಸಿಡ್ನಲ್ಲೇ ಕೆಲ್ಸ ಮಾಡೋದು" ಎಂದು ಹೇಳಿಕೊಳ್ಳುತ್ತಿದ್ದ.

ಬಂದವನು ಜಗಲಿಯ ಮೇಲೆ ಕುಳಿತು, ಬೆಲ್ಲದ ಉಂಡೆಗಳ ಗಂಟನ್ನು ತಂಗಿಯ ಕೈಗೆ ಕೊಟ್ಟು, ಮೆಲ್ಲಗೆ ಅಂದ:

"ಬಾವ, ನಂಗೂ ಫ್ಯಾಟ್ ಬಂದದೆ."

ಮರಿಸ್ವಾಮಿಗೆ ಇದು ಅಷ್ಟು ಹಿಡಿಸಲಿಲ್ಲ. "ಎಷ್ಟು?" ಎಂದ.

"ಇನ್ನೂರ ತೊಂಬತ್ತಾರಂತೆ. ಮೈಸೂರು ಡಾಕ್ಟ್ರು ಯೋಳುದ್ರು."

"ಅಷ್ಟೇನಾ? ನಂದು ನಾನೂರ ಹತ್ತು."

"ನಂದು ಬ್ಯಾರೆ ಜಾತಿದಂತೆ ಕಣ್ ಬಾವ. ಕೊಲೆಷ್ಟ್ರಾಲು."

ಅದೇ ಹೊತ್ತಿಗೆ ಕ್ಯಾನು ಹಿಡಿದು ಬೀದಿಯಲ್ಲಿ ಹೋಗುತ್ತಿದ್ದ ಪುಟ್ಟಲಕ್ಷ್ಮಮ್ಮನ ಕಿವಿಗೆ ಈ ಕೊನೆಯ ಪದದ ಮೊದಲರ್ಧ ಮಾತ್ರ ಬಿತ್ತು. ಪ್ರೇಮಮ್ಮನ ಅಣ್ಣನ ಮೇಲೆ ಕೊಲೆ ಕೇಸಾಗಿದೆ, ತಲೆ ಮರೆಸಿಕೊಂಡು ತಂಗಿ ಮನೆಗೆ ಬಂದಿದ್ದಾನೆ ಎಂದು ಸಂಜೆಯೊಳಗೆ ಮೇಲುಬೀದಿಯಲ್ಲೆಲ್ಲ ಸುದ್ದಿಯಾಯಿತು. ಅದನ್ನು ಸರಿಮಾಡಲು ಪ್ರೇಮಮ್ಮನಿಗೆ ಎರಡು ದಿನ ಹಿಡಿಯಿತು. ಆದರೆ ಆ ಹೊತ್ತಿಗಾಗಲೇ ಜಗಲಿಯ ಮೇಲೆ ಅದಕ್ಕಿಂತ ಕೆಟ್ಟದ್ದು ನಡೆದುಹೋಗುತ್ತಿತ್ತು.

ಕುಳ್ಳಯ್ಯ ತನ್ನ ಮಾತ್ರೆ ತೆಗೆದು ತೋರಿಸಿದ. ಲೋವಾಸ್ಟಾಟಿನ್. ರಾತ್ರಿ ಊಟದ ಜೊತೆ ದಿನಕ್ಕೊಂದು. ಬೆರಳ ತುದಿಯಲ್ಲಿ ಕಾಣೆಯಾಗುವಷ್ಟು ಸಣ್ಣದು. ಮರಿಸ್ವಾಮಿಯ ಕ್ಯಾಪ್ಸೂಲು ಅದರ ಪಕ್ಕದಲ್ಲಿ ಹುರುಳಿಕಾಳಿನ ಪಕ್ಕದ ಹಲಸಿನ ಬೀಜದಂತೆ ಮಲಗಿತ್ತು.

"ನಿಂದು ದೊಡ್ಡದು ಬಾವ" ಎಂದ ಕುಳ್ಳಯ್ಯ, ಗೌರವದಿಂದ.

"ದೊಡ್ಡದೇ. ಆದ್ರೆ ನಿಂದು ಮೈಸೂರು ಡಾಕ್ಟ್ರುದು" ಎಂದ ಮರಿಸ್ವಾಮಿ, ಕಷ್ಟದಿಂದ.

"ಯಾವುದು ಒಳ್ಳೇದು ಬಾವ ಅಂಗಾರೆ? ನೀನಂದಂಗೆ."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಮಾತು ಬಿಟ್ಟು ಕಾಫಿ ಕುಡಿಯುತ್ತಿದ್ದರು. ಮರಿಸ್ವಾಮಿ ಎದ್ದು ಪಂಚೆ ಬಿಗಿದು ಕಟ್ಟಿಕೊಂಡು, "ನಾಳೆ ನಡಿ ಡೇರಿಗೆ. ಬಾಯಿ ಮಾತು ಯಾಕೆ? ಮಿಷಿನ್ನೇ ಯೋಳ್ತದೆ" ಎಂದ.

ಪ್ರೇಮಮ್ಮ ಬಾಗಿಲಿಗೆ ಬಂದಳು. "ಡಾಕ್ಟ್ರನ್ನ ಒಂದು ಮಾತು ಕೇಳುದ್ರೆ ಏನೋಯ್ತದೆ ನಿಮ್‌ಗೆ?"

"ಆ ಡಾಕ್ಟ್ರು ಹುಟ್ಟಿದ ಮ್ಯಾಲೆ ಒಂದು ದಿನಾನಾದ್ರೂ ಫ್ಯಾಟ್ ತೆಗ್ದವ್ನಾ ಕೇಳೇ! ಹದಿಮೂರು ವರ್ಷದಿಂದ ನಾನು ತೆಗೀತಾ ಇವ್ನಿ."

ಹದಿಮೂರು ವರ್ಷ ಅವನು ಫ್ಯಾಟ್ ತೆಗೆದದ್ದು ನಿಜ.

ಪರೀಕ್ಷೆ ಮರುದಿನ ಬೆಳಿಗ್ಗೆ, ಹಾಲು ಹಾಕುವ ಹೊತ್ತಿನಲ್ಲೇ, ಇಡೀ ಊರಿನ ಮುಂದೆ ನಡೆಯಿತು. ತಮ್ಮಯ್ಯ ಅಧ್ಯಕ್ಷನೆಂಬ ಕಾರಣಕ್ಕೆ ಕುರ್ಚಿ ಹಾಕಿಸಿಕೊಂಡು ಕುಳಿತ. ಮರಿಸ್ವಾಮಿ ಒಂದೇ ಹಸುವಿನ ಹಾಲನ್ನು ನಾಲ್ಕು ಲೋಟಕ್ಕೆ ಸುರಿದ. ಒಂದಕ್ಕೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ ತನ್ನ ಕ್ಯಾಪ್ಸೂಲಿನ ಪುಡಿ. ಮೂರನೆಯದಕ್ಕೆ ಕುಳ್ಳಯ್ಯನ ಮಾತ್ರೆಯನ್ನು ಅರೆದು ಹಾಕಿದ. ನಾಲ್ಕನೆಯದಕ್ಕೆ ಏನು ಹಾಕುವುದೆಂದು ಅವನಿಗೂ ತಿಳಿದಿರಲಿಲ್ಲ. ಲೋಟ ನಾಲ್ಕಿದ್ದವು ಅಂತ ನಾಲ್ಕು ತೆಗೆದುಕೊಂಡಿದ್ದ. "ಎರಡೂ ಹಾಕ್ ಬಾವ" ಎಂದ ಕುಳ್ಳಯ್ಯ. ಹಾಕಿದ.

ಆಸಿಡ್ ಬಿಟ್ಟ. ಹಾಲು ಅಳೆದು ಬಿಟ್ಟ. ಇಡೀ ಊರಿನ ಕಣ್ಣು ತನ್ನ ಮೇಲಿರುವುದು ಅವನಿಗೆ ಹೊಸದು. ಅಳತೆಗಿಂತ ಜನರ ಕಡೆಗೇ ಅವನ ಗಮನ ಹೋಗುತ್ತಿತ್ತು. ಒಂದನೇ ಕೊಳವೆಗೆ ಹಾಲು ಅಳತೆಗೆ ಸರಿಯಾಗಿ ಹೋಯಿತು. ಎರಡನೆಯದಕ್ಕೆ ಒಂದು ಹನಿ ಕಮ್ಮಿ, ಮೂರನೆಯದಕ್ಕೆ ಇನ್ನೂ ಒಂದೆರಡು ಹನಿ ಕಮ್ಮಿ. ನಾಲ್ಕನೆಯದರ ಹೊತ್ತಿಗೆ ಒಂದಿಷ್ಟು ಹಾಲು ಅವನ ಹೆಬ್ಬೆರಳ ಮೇಲೆಯೇ ಹರಿದುಹೋಯಿತು. ಹಾಲು ಕಮ್ಮಿಯಾದಷ್ಟೂ ಫ್ಯಾಟ್ ಕಮ್ಮಿ ತೋರುತ್ತದೆ. ಆದರೆ ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಅವನ ಮುಖ ನೋಡುತ್ತಿದ್ದರು.

ಯಂತ್ರ ತಿರುಗಿ ನಿಂತಿತು. ಮರಿಸ್ವಾಮಿ ಎಡಗಣ್ಣು ಮುಚ್ಚಿದ.

"ಬರೀ ಹಾಲು, ನಾಲ್ಕು ಒಂದು."

ಸಾಲು ಕ್ಯಾನುಗಳನ್ನು ನೆಲಕ್ಕಿಟ್ಟು ಹತ್ತಿರ ಬಂತು.

"ನನ್ನ ಮಾತ್ರೆ, ಮೂರು ಎಂಟು. ಬಾವಂದು, ಮೂರು ಏಳು." ಮರಿಸ್ವಾಮಿಯ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ನಾಲ್ಕನೇ ಕೊಳವೆ ಎತ್ತಿದ. ಕಣ್ಣು ಬದಲಾಯಿಸಿ ಇನ್ನೊಂದು ಸಲ ನೋಡಿದ. "ಎರಡೂ ಸೇರ್ಸಿದ್ದು, ಮೂರು!"

"ಅಬ್ಬಾ!" ಎಂದಿತು ಊರು. ತಮ್ಮಯ್ಯ ಕುರ್ಚಿ ಬಿಟ್ಟು ಎದ್ದೇಬಿಟ್ಟ. ಪುಟ್ಟಲಕ್ಷ್ಮಮ್ಮ ಮಾತ್ರ, "ಅಂಗಾರೆ ಆ ಮಾತ್ರೇನ ನಮ್ ಹಾಲ್ಗೆ ಹಾಕ್‌ಬ್ಯಾಡ ಕಣಪ್ಪ, ಬರೋ ಫ್ಯಾಟೂ ಹೊಂಟೋಯ್ತದೆ" ಎಂದು ಕ್ಯಾನನ್ನು ಸೆರಗಿನಿಂದ ಮುಚ್ಚಿಕೊಂಡಳು.

ಮರಿಸ್ವಾಮಿ ಕೈ ಒರೆಸಿಕೊಂಡು ತೀರ್ಪು ಕೊಟ್ಟ. "ನೋಡ್ ಬಾವ. ಒಂದು ಬೆಣ್ಣೆ ಕರಗ್ಸ್ತದೆ, ಒಂದು ತುಪ್ಪ ಕರಗ್ಸ್ತದೆ. ನಾಗಮಂಗ್ಲದವ್ರಿಗೆ ಬೆಣ್ಣೆ ಮಾತ್ರ ಗೊತ್ತು, ಮೈಸೂರ್ನವ್ರಿಗೆ ತುಪ್ಪ ಮಾತ್ರ ಗೊತ್ತು. ಇಬ್ರೂ ಒಂದೊಂದು ಕಣ್ಣಲ್ಲಿ ನೋಡವ್ರೆ. ನಾವಿಬ್ರೂ ಎರಡೂ ತಿನ್ನಾನ."

"ನೀನಂದ ಮ್ಯಾಲೆ ಮುಗೀತು ಬಾವ" ಎಂದ ಕುಳ್ಳಯ್ಯ.

ಹಾಗೆಂದು ಅವನು ಮರಿಸ್ವಾಮಿಯ ಚೀಟಿಯನ್ನು ತೆಗೆದುಕೊಂಡು ಹೋಗಿ ತನ್ನ ಕಡೆಯ ಅಂಗಡಿಯಲ್ಲಿ ಕ್ಯಾಪ್ಸೂಲು ಕೊಂಡ. ತನ್ನ ಚೀಟಿಯನ್ನು ಮರಿಸ್ವಾಮಿಗೆ ಕೊಟ್ಟು ಹೋದ. ಅಂಗಡಿಯವರು ಚೀಟಿ ನೋಡಿದರೇ ಹೊರತು ಅದು ಯಾರದೆಂದು ಕೇಳಲಿಲ್ಲ.

ಮರಿಸ್ವಾಮಿ ಎರಡನ್ನೂ ಎಷ್ಟು ದಿನ ತಿಂದ ಎಂಬುದು ಈ ಕಥೆಯಲ್ಲಿ ಮುಖ್ಯ. ಐದು ದಿನ. ಐದನೇ ದಿನ ಹೊಟ್ಟೆ ತೊಳಸಿ, ಮೀನಖಂಡಗಳು ಹಿಂಡಿದಂತಾಗಿ, ಡೇರಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಆವತ್ತು ಸಂಜೆ ಪ್ರೇಮಮ್ಮ ಸಣ್ಣ ಮಾತ್ರೆಯ ಹಾಳೆಯನ್ನು ಎತ್ತಿ ತಿಪ್ಪೆಗೆ ಎಸೆದಳು. ಅವನು ಬೈಯುವವನಂತೆ ಬಾಯಿ ತೆರೆದು, ಬೈಯದೆ ಮುಚ್ಚಿಕೊಂಡ. ಹೊಟ್ಟೆಗೆ ಒಗ್ಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಊರಿನಲ್ಲಿ ಹೇಳಲಿಲ್ಲ. ಇಡೀ ಊರಿನೆದುರು ಕೊಳವೆ ಎತ್ತಿ ತೋರಿಸಿದ ಮೇಲೆ, ಮಿಷಿನ್ನು ಹೇಳಿದ್ದು ತನ್ನ ಹೊಟ್ಟೆಗೆ ಒಪ್ಪಲಿಲ್ಲ ಎಂದು ಹೇಳುವುದು ಹೇಗೆ?

ಮೂರು ವಾರ ಬಿಟ್ಟು ಕುಳ್ಳಯ್ಯ ಹೊಣಕೆರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಊರಿಗೆ ನಡೆದು ಬಂದ. ಇಳಿಜಾರಿನ ದಾರಿ. ಅದನ್ನು ನಡೆಯುವಷ್ಟರಲ್ಲಿ ಎರಡು ಕಡೆ ಕುಳಿತು ಎದ್ದಿದ್ದ.

"ತೊಡೆ ನೋಯ್ತದೆ ಬಾವ. ಬೆಲ್ಲದಚ್ಚು ಎತ್ತಕ್ಕೆ ಓದ್ರೆ ತೋಳಲ್ಲಿ ಶಕ್ತೀನೇ ಇಲ್ಲ. ನಿಂಗೂ ಅಂಗೇ ಆಯ್ತದಾ?"

ಪ್ರೇಮಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು. ಗಂಡ ಅವಳ ಮುಖ ನೋಡಲಿಲ್ಲ.

"ಆಯ್ತದೆ" ಎಂದ ಮರಿಸ್ವಾಮಿ. "ಇಷ್ಟು ವರ್ಷದ ಕೊಬ್ಬು ಕರಗ್‌ಬೇಕು ಅಂದ್ರೆ ನೋಯ್ದೆ ಇರ್ತದಾ?"

"ನೀನು ಎರಡೂ ತಿಂತಾ ಇದ್ದೀಯ ತಾನೇ?"

"ತಪ್ಪದಂಗೆ."

"ಅಣ್ಣಾ, ಅದು…" ಎಂದಳು ಪ್ರೇಮಮ್ಮ.

"ಮುದ್ದೆ ಆಯ್ತಾ ನೋಡೋಗು" ಎಂದ ಗಂಡ.

ಅವಳು ಒಳಗೆ ಹೋದಳು. ಅಣ್ಣ ಮುದ್ದೆ ಉಂಡು ಹೋದ. ಹೊರಡುವಾಗ ಜಗಲಿಯಿಂದ ಏಳಲು ಕಂಬ ಹಿಡಿದುಕೊಂಡ. ಅದನ್ನು ಪ್ರೇಮಮ್ಮ ನೋಡಿದಳು, ಮರಿಸ್ವಾಮಿಯೂ ನೋಡಿದ.

ಅದಾಗಿ ಇನ್ನೆರಡು ವಾರಕ್ಕೆ ಕುಳ್ಳಯ್ಯನ ಹೆಂಡತಿ ದ್ಯಾವಮ್ಮ ಒಬ್ಬಳೇ ಬಂದಳು. ಕಂಕುಳಲ್ಲಿ ಒಂದು ಚೀಲ, ಚೀಲದೊಳಗೆ ಬಟ್ಟೆ ಸುತ್ತಿದ ಒಂದು ಸೀಸೆ. ನೇರ ಡೇರಿಗೇ ಬಂದು ಸೀಸೆಯನ್ನು ಮೇಜಿನ ಮೇಲಿಟ್ಟಳು. ಒಳಗಿದ್ದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು.

"ಅಣ್ಣಾ, ಇದು ಅವ್ರುದು ಒಂದಕ್ಕೆ ಓಗಿದ್ದು. ಮೂರು ದಿನದಿಂದ ಇಂಗೇ ಓಯ್ತಾವ್ರೆ. ಆಸ್ಪತ್ರೆಗೆ ಓಗಾನ ಅಂದ್ರೆ, ಬಾವಂಗೆ ತೋರ್ಸ್ಕೊಂಡ್ ಬಾ, ಬಾವ ಏನಂತಾನೋ ಅಂಗೆ ಅಂತಾರೆ."

ಡೇರಿಯ ಮುಂದೆ ಹತ್ತಿಪ್ಪತ್ತು ಜನ ಇದ್ದರು. ಮರಿಸ್ವಾಮಿ ಸೀಸೆಯನ್ನು ನೋಡಿದ. ಡೇರಿಯ ಮೆಟ್ಟಿಲ ಮೇಲೆ ತಾನು ಕುಸಿದು ಕುಳಿತದ್ದು ನೆನಪಾಯಿತು. ಆದರೆ ಜನ ಕಾಯುತ್ತಿದ್ದರು. ಕಾಯುವ ಜನರನ್ನು ಕಂಡರೆ ಅವನ ಕೈ ತಾನಾಗಿಯೇ ಮೀಟರಿನ ಕಡೆಗೆ ಹೋಗುತ್ತಿತ್ತು. ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಎಂದು ನೋಡುವ ಲ್ಯಾಕ್ಟೋಮೀಟರನ್ನು ತೆಗೆದು, ಸೀಸೆಯದನ್ನು ಒಂದು ಜಾಡಿಗೆ ಬಗ್ಗಿಸಿ, ಅದರೊಳಗೆ ತೇಲಿಬಿಟ್ಟ.

"ಇಪ್ಪತ್ತೊಂಬತ್ತು" ಎಂದ. ಹೇಳಿದ ಮೇಲೆ ಏನಾದರೂ ಅರ್ಥ ಹೇಳಬೇಕಲ್ಲ. "ಒಳ್ಳೆ ಹಾಲಿನಷ್ಟೇ ಗಟ್ಟಿ ಅದೆ. ಕರಗಿದ ಕೊಬ್ಬೆಲ್ಲ ಆಚ್ಗೆ ಬತ್ತಾ ಅದೆ ದ್ಯಾವಮ್ಮ. ಎದ್ರುಕೋಬ್ಯಾಡ."

ಜನ ಹತ್ತಿರ ಬಂದು ಜಾಡಿಯನ್ನು ಸುತ್ತುವರಿದು ನೋಡಿದರು. "ನೋಡ್ರಪ್ಪಾ, ಎಂಗ್ ಕರಗದೆ!" ಎಂದ ತಮ್ಮಯ್ಯ. ಪುಟ್ಟಲಕ್ಷ್ಮಮ್ಮ ಮಾತ್ರ ಲ್ಯಾಕ್ಟೋಮೀಟರಿನ ಮೇಲೆ ಜಗಳ ತೆಗೆದಳು. ಉಚ್ಚೆಗೆ ಅದ್ದಿದ ಮೀಟರನ್ನು ತನ್ನ ಹಾಲಿಗೆ ಅದ್ದಕೂಡದು, ಅದ್ದಿದರೆ ತಾನು ಹೊಣಕೆರೆ ಡೇರಿಗೆ ಹಾಲು ಹೊರುತ್ತೇನೆ ಎಂದಳು. ಮೀಟರನ್ನು ಬಿಸಿನೀರಿನಲ್ಲಿ ಎಷ್ಟು ಸಲ ತೊಳೆದರೆ ಶುದ್ಧ ಎಂಬ ಬಗ್ಗೆ ಅಧ್ಯಕ್ಷರ ಮುಂದೆ ವಾದವಾಯಿತು. ಒಬ್ಬರು ಮೂರು ಸಲ ಎಂದರು, ಒಬ್ಬರು ಅರಿಶಿನ ಹಾಕಬೇಕು ಎಂದರು. ಅರ್ಧ ಗಂಟೆ ಗಲಾಟೆ. ಆ ಗಲಾಟೆಯಲ್ಲಿ ದ್ಯಾವಮ್ಮ ಖಾಲಿ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಯಾರಿಗೂ ಹೇಳದೆ, ಬಸ್ಸಿಗೆ ಹೋದಳು.

ಅದಾದ ನಾಲ್ಕನೇ ದಿನ ಕುಳ್ಳಯ್ಯ ಆಲೆಮನೆಯಲ್ಲಿ ಕುಳಿತವನು ಏಳಲಿಲ್ಲ. ಉಚ್ಚೆಯೂ ನಿಂತುಹೋಗಿತ್ತು. ನಾಲ್ಕು ಜನ ಹೊತ್ತು ಟೆಂಪೋಗೆ ಹಾಕಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಸುದ್ದಿ ತಿಳಿದು ಮರಿಸ್ವಾಮಿ ಡೇರಿಯ ಬೀಗದ ಕೈಯನ್ನು ತಮ್ಮಯ್ಯನ ಕೈಗೆ ಕೊಟ್ಟು, ಹಾಕಿದ ಬಟ್ಟೆಯಲ್ಲೇ ಹೊರಟ.

ವಾರ್ಡಿನಲ್ಲಿ ಕುಳ್ಳಯ್ಯನ ಮುಖ ಊದಿತ್ತು. ಒಬ್ಬ ಹಿರಿಯ ವೈದ್ಯರು ಹಾಸಿಗೆಯ ಪಕ್ಕ ನಿಂತು, ಮನೆಯವರು ತಂದುಕೊಟ್ಟ ಎರಡು ಹಾಳೆಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದರು.

"ಇವೆರಡನ್ನೂ ಒಟ್ಟಿಗೆ ತಿನ್ನಿ ಅಂತ ಯಾರು ಬರೆದುಕೊಟ್ಟರು?"

ದ್ಯಾವಮ್ಮ ಮರಿಸ್ವಾಮಿಯ ಕಡೆ ನೋಡಿದಳು.

"ಒಂದೊಂದೂ ಒಳ್ಳೆಯ ಮಾತ್ರೆಯೇ. ಟ್ರೈಗ್ಲಿಸರೈಡ್ ಜಾಸ್ತಿ ಇದ್ದವರಿಗೆ ಇದು, ಕೊಲೆಸ್ಟ್ರಾಲ್ ಜಾಸ್ತಿ ಇದ್ದವರಿಗೆ ಅದು. ಎರಡೂ ಸೇರಿದರೆ ಕೆಲವರಿಗೆ ಮಾಂಸಖಂಡವೇ ಒಡೆದುಹೋಗುತ್ತೆ. ಒಡೆದದ್ದೆಲ್ಲ ರಕ್ತಕ್ಕೆ ಬಂದು ಕಿಡ್ನಿ ಕಟ್ಟಿಕೊಳ್ಳುತ್ತೆ. ಉಚ್ಚೆ ಕಪ್ಪಗೆ ಹೋಗುವಾಗಲಾದರೂ ಬರಬಾರದಿತ್ತೇ? ಕಪ್ಪಗಾಗಿದ್ದು ಕೊಬ್ಬಲ್ಲ ಕಣ್ರಪ್ಪ, ಅವರ ಮಾಂಸ ಅದು. ಯಾರು ಹೇಳಿದ್ದು ಹೇಳಿ, ಬೇರೆಯವರಿಗೂ ಕೊಟ್ಟಿರಬಹುದು."

ಮರಿಸ್ವಾಮಿ ಬಾಯಿ ತೆರೆದ. ಅಷ್ಟರಲ್ಲಿ ಹಾಸಿಗೆಯಿಂದ ಕುಳ್ಳಯ್ಯ ಅಂದ:

"ಯಾರೂ ಯೋಳ್ಲಿಲ್ಲ ಸಾ. ನಾನೇ ತಿಂದೆ. ಓದು ಬರಾಕಿಲ್ಲ ನಂಗೆ, ಗೊತ್ತಾಗ್ಲಿಲ್ಲ."

ವೈದ್ಯರು ತಲೆಯಾಡಿಸಿ ಹೊರಟುಹೋದರು. ದ್ಯಾವಮ್ಮ ಗೋಡೆಯ ಕಡೆ ತಿರುಗಿದಳು. ಮರಿಸ್ವಾಮಿ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕುಳಿತ.

"ಬಾವ" ಎಂದ ಕುಳ್ಳಯ್ಯ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ನೀನು ನಿಲ್ಸ್‌ಬುಡು ಮತ್ತೆ. ನಿಂಗೂ ಇಂಗೇ ಆದಾತು."

ಈ ಒಂದು ಮಾತನ್ನು ಮರಿಸ್ವಾಮಿ ಅದುವರೆಗೆ ಕೈಯಲ್ಲಿ ಹಿಡಿದ ಯಾವ ಮಾಪಕದಲ್ಲೂ ಅಳೆಯಲು ಬರುತ್ತಿರಲಿಲ್ಲ. ತಾನು ಐದೇ ದಿನಕ್ಕೆ ನಿಲ್ಲಿಸಿದ್ದೆ ಎಂದು ಆಗಲಾದರೂ ಹೇಳಬಹುದಿತ್ತು. "ನಿಲ್ಲಿಸ್ತೀನಿ ಬಾವ" ಎಂದ.

ಒಂಬತ್ತು ದಿನ ಅವನು ಆಸ್ಪತ್ರೆ ಬಿಟ್ಟು ಕದಲಲಿಲ್ಲ. ರಕ್ತ ತೊಳೆಯುವ ಯಂತ್ರದ ಹತ್ತಿರ ಭಾವನನ್ನು ತಳ್ಳುಗಾಡಿಯಲ್ಲಿ ತಾನೇ ಕರೆದುಕೊಂಡು ಹೋದ. ಬಟ್ಟೆ ಒಗೆದ, ಮಗ್ಗುಲು ಬದಲಾಯಿಸಿದ, ಗಂಜಿ ಕುಡಿಸಿದ. ಆರಡಿಯ ಆಳು ಕೈಯಲ್ಲಿ ಹಗುರವಾಗುತ್ತ ಬಂದ. ಅಕ್ಕಪಕ್ಕದ ಹಾಸಿಗೆಯವರು ತಮ್ಮ ತಮ್ಮ ನೆಂಟರಿಗೆ ಅವನನ್ನು ತೋರಿಸಿ, "ನೋಡಿ ಕಲ್ತ್ಕೊಳ್ಳಿ" ಎಂದರು. ಒಂಬತ್ತನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಕುಳ್ಳಯ್ಯ ತೀರಿಕೊಂಡ.

ಹನ್ನೊಂದನೇ ದಿನದ ತಿಥಿ ಕುಳ್ಳಯ್ಯನ ಊರಿನಲ್ಲಿ. ಆಲೆಮನೆಯ ಮುಂದೆ ಶಾಮಿಯಾನ, ಸಾಲಾಗಿ ಎಲೆ. ಶ್ರೀರಂಗಪಟ್ಟಣದ ಬೀಗರು, ಕೆ.ಆರ್. ಪೇಟೆಯ ದಾಯಾದಿಗಳು, ಹೊಣಕೆರೆ ಕಡೆಯ ನೆಂಟರು, ಮರಿಸ್ವಾಮಿಯ ಜೊತೆ ತಮ್ಮಯ್ಯ, ಎಲ್ಲರೂ ಬಂದಿದ್ದರು. ಸತ್ತದ್ದು ಯಾಕೆ ಎಂಬುದಕ್ಕೆ ಪ್ರತಿಯೊಂದು ಗುಂಪಿನಲ್ಲೂ ಒಂದೊಂದು ಕಾರಣವಿತ್ತು. ಶ್ರೀರಂಗಪಟ್ಟಣದವರು ಬೆಲ್ಲದ ಹೊಗೆ ಎಂದರು. ಕೆ.ಆರ್. ಪೇಟೆಯವರು, ಒಂದೇ ಕೈಲಿ ಕೊಪ್ಪರಿಗೆ ಎತ್ತುತ್ತಿದ್ದನಲ್ಲ, ಯಾರದೋ ಕಣ್ಣು ಬಿತ್ತು ಎಂದರು. ಆ ಊರಿನ ಯಜಮಾನ ಸಿದ್ದರಾಜು, ರಕ್ತವನ್ನು ಮೈಯಿಂದ ಆಚೆ ತೆಗೆದು ಮಿಷಿನ್ನಿಗೆ ಹಾಕಿದರೆ ಯಾರು ತಾನೇ ಉಳಿಯುತ್ತಾರೆ ಎಂದ. ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: ಮರಿಸ್ವಾಮಿಯಂಥ ನೆಂಟ ಯಾರಿಗೂ ಸಿಗುವುದಿಲ್ಲ.

ಹೊಗಳಿಕೆ ಮೂರನೇ ಸಲ ಕಿವಿಗೆ ಬಿದ್ದಾಗ ಮರಿಸ್ವಾಮಿ ಎಲೆಯ ಮುಂದಿನಿಂದ ಎದ್ದು ನಿಂತ.

"ಎಲ್ರೂ ಕೇಳಿ. ಎರಡೂ ಮಾತ್ರೆ ತಿನ್ನು ಅಂತ ಯೋಳ್ದವ್ನು ನಾನು. ಬಾವನ್ನ ಕೊಂದವ್ನು ನಾನು."

ಸಾರು ಬಡಿಸುತ್ತಿದ್ದವನು ಸೌಟು ಹಿಡಿದುಕೊಂಡೇ ತಿರುಗಿ ನೋಡಿದ. ಆಮೇಲೆ ತಮ್ಮಯ್ಯ ಎದ್ದು ಬಂದು ಅವನ ಹೆಗಲು ಹಿಡಿದು ಕೂರಿಸಿದ. "ಕುಂತ್ಕಳ್ಲಾ. ದುಃಖದಲ್ಲಿ ಎಲ್ರಿಗೂ ಅಂಗೇ ಅನ್ಸ್ತದೆ."

"ದುಃಖ ಅಲ್ಲ ಕಣ್ ತಮ್ಮಯ್ಯ! ನಿನ್ ಕಣ್ಮುಂದೇನೆ ಮಿಷಿನ್ ತಿರುಗ್ಸಿ…"

"ನಾನೂ ನೋಡಿವ್ನಿ. ಮಿಷಿನ್ನು ಮೂರು ಅಂತು. ಅದ್ರಲ್ಲಿ ನಿಂದೇನದೆ ತಪ್ಪು?"

"ಪಾಪ, ನಿದ್ದೆಗೆಟ್ಟು ತಲೆ ಸರಿಯಿಲ್ಲ" ಎಂದ ಸಿದ್ದರಾಜು. "ಮಜ್ಜಿಗೆ ಕೊಡ್ರಪ್ಪ ಅವ್ನಿಗೆ." ಯಾರೋ ಮಜ್ಜಿಗೆ ತಂದರು. ಯಾರೋ ಬೆನ್ನು ಸವರಿದರು. ಹೆಂಗಸರ ಸಾಲಿನಲ್ಲಿ ಇಬ್ಬರು, ಇಂಥ ಒಳ್ಳೆ ಮನಸ್ಸು ನೋಡಿದ್ದೇ ಇಲ್ಲ ಎಂದು ಕಣ್ಣೊರೆಸಿಕೊಂಡರು. ಪ್ರೇಮಮ್ಮ ತಲೆ ಎತ್ತಲಿಲ್ಲ. ದ್ಯಾವಮ್ಮ ಒಳಬಾಗಿಲ ಹತ್ತಿರ ಗೋಡೆಗೆ ಒರಗಿ ಕುಳಿತು, ಬಡಿಸುವವರಿಗೆ ಅಲ್ಲಿ ಅನ್ನ ಬೇಕು, ಇಲ್ಲಿ ಸಾರು ಬೇಕು ಎಂದು ಕೈ ತೋರಿಸುತ್ತಿದ್ದಳು. ಹನ್ನೊಂದು ದಿನದಿಂದ ಅವಳು ಮರಿಸ್ವಾಮಿಯ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಅವನ ಎಲೆಯ ಕಡೆಗೆ ಕೈಯನ್ನೂ ತೋರಿಸಿರಲಿಲ್ಲ.

ಆಗ ಪಕ್ಕದ ಎಲೆಯ ಮುದುಕ ಅವನ ಮೊಣಕೈ ತಿವಿದ. ಬಿಂಡಿಗನವಿಲೆಯಿಂದ ಬಂದವನು, ಹೆಸರು ಕರಿಯಯ್ಯ, ದೂರದ ನೆಂಟ. ಎಡಗೈಯಲ್ಲಿ ಎರಡು ಚೀಟಿ, ಎರಡು ಮಾತ್ರೆ ಹಾಳೆ.

"ನೀನೇನಾ ಫ್ಯಾಟ್ ಮರಿಸ್ವಾಮಿ? ನಿನ್ನೇ ನೋಡ್‌ಬೇಕಂತ ಮೂರು ಬಸ್ ಬದ್ಲಾಯ್ಸಿ ಬಂದೆ ಕಣಪ್ಪ. ನಂಗೂ ಇಬ್ರು ಡಾಕ್ಟ್ರು ಎರಡು ಬರ್ದವ್ರೆ. ಅಂಥಾ ಆಳ್ನೇ ಕರಗ್ಸೈತೆ ಅಂದ್ರೆ ನಿನ್ನ ಔಸ್ದಿ ಭಾರೀ ಜೋರು ಅಂತಾವ್ರೆ. ಯಾವುದು ತಿನ್ಲಿ? ಎರಡೂ ತಿನ್ಲಾ?"

ಮರಿಸ್ವಾಮಿ ಆ ಹಾಳೆಗಳನ್ನು ನೋಡಿದ. ಒಂದು ದೊಡ್ಡದು, ಒಂದು ಸಣ್ಣದು. ಮುಟ್ಟಲಿಲ್ಲ.

"ಎರಡು ತಿನ್‌ಬ್ಯಾಡ ತಾತ. ಎರಡು ಚೀಟೀನೂ ಒಬ್ಬ ಡಾಕ್ಟ್ರ ಮುಂದೆ ಮಡಗಿ ಕೇಳು."

"ಡಾಕ್ಟ್ರುನ್ನ ಕೇಳಕ್ಕೆ ನಿನ್ ತಾವ ಯಾಕ್ ಬರ್ಲಿ? ನೀನೇಳು."

"ನಂಗೊತ್ತಿಲ್ಲ."

"ಫ್ಯಾಟ್ ನೋಡೋನಲ್ವಾ ನೀನು?"

"ಹಾಲಿಂದು ಮಾತ್ರ. ಮನುಸ್ರುದು ನಂಗೊತ್ತಿಲ್ಲ ತಾತ. ಆವತ್ತೂ ಗೊತ್ತಿರ್ಲಿಲ್ಲ."

ಕರಿಯಯ್ಯ ಚೀಟಿಗಳನ್ನು ಮಡಚಿ ಜೇಬಿಗೆ ತುರುಕಿದ. ಮೂರು ಬಸ್ಸು ಬದಲಾಯಿಸಿದ ಸಿಟ್ಟು ಗಂಟಲಿಗೆ ಬಂತು. ಪಂಕ್ತಿಗೆಲ್ಲ ಕೇಳುವಂತೆ ಕೂಗಿದ:

"ಇವ್ನಿಗೇನೂ ಗೊತ್ತಿಲ್ಲ ಕಣ್ರಪ್ಪೋ! ಸುಮ್ಕೆ ಹೆಸ್ರು ಅಷ್ಟೇ!"

ಅಲ್ಲಲ್ಲಿ ಜನ ಶ್, ಶ್ ಎಂದರು. ತಿಥಿಮನೆಯಲ್ಲಿ ಮರ್ಯಾದಸ್ಥನನ್ನು ಹೀಗನ್ನಬಹುದೇ ಎಂದು ತಮ್ಮಯ್ಯ ಮುದುಕನ ಮೇಲೆ ರೇಗಿದ. ದ್ಯಾವಮ್ಮ ಗೋಡೆ ಬಿಟ್ಟು ಎದ್ದಳು. ಬಡಿಸುವವನ ಕೈಯಿಂದ ಅನ್ನದ ಬುಟ್ಟಿ ತೆಗೆದುಕೊಂಡು, ಪಂಕ್ತಿಯ ಉದ್ದಕ್ಕೂ ನಡೆದು ಬಂದು, ಮರಿಸ್ವಾಮಿಯ ಎಲೆಯ ಮುಂದೆ ಬಗ್ಗಿದಳು.

"ಗೊತ್ತಿಲ್ಲ ಅನ್ನೋ ಈ ಮಾತ ಆವತ್ತು ಸೀಸೆ ಮಡಗ್ದಾಗ ಅಂದಿದ್ರೆ ಸಾಕಾಗಿತ್ತು ಕಣಣ್ಣ" ಎಂದಳು.

ಒಂದು ಹಿಡಿ ಅನ್ನ ಬಡಿಸಿ, ಮುಂದಿನ ಎಲೆಗೆ ಹೋದಳು.